ಪದ್ಯ ಒಬ್ಬರದು, ಹೆಜ್ಜೆ ಯಾರದು?

ಕಳೆದ ಚಳಿಗಾಲದಲ್ಲಿ ಎಲೆಕ್ಟ್ರಾ ಸ್ಟ್ರೀಟಿನ ಒಂದು ಫ್ಲ್ಯಾಟಿನಲ್ಲಿ ನಾವು ಐದು ಮಂದಿ ಒಂದು ಪುಟ್ಟ ಯಕ್ಷಗಾನ ಪ್ರಸಂಗ ಬರೆಯಲು ಕೂತೆವು. ಐವರೂ ಹವ್ಯಾಸಿ ಭಾಗವತರು. ಮೂವರು ಬಡಗು, ಇಬ್ಬರು ತೆಂಕು. ಕೆಳಗಿನ ಮನೆಯವರಿಗೆ ತೊಂದರೆಯಾಗಬಾರದೆಂದು ಚೆಂಡೆ ಮುಟ್ಟದೆ, ಊಟದ ಮೇಜನ್ನೇ ಮದ್ದಳೆ ಮಾಡಿಕೊಂಡಿದ್ದೆವು. ಆರಿಸಿದ ಕಥೆ ಬಭ್ರುವಾಹನನದು. ತಂದೆಯನ್ನು ಹೆಸರಿನಿಂದಷ್ಟೇ ಬಲ್ಲ ಮಗನ ಕಥೆ ಗಲ್ಫಿನಲ್ಲಿ ಕೂತವರಿಗೆ ಯಾಕೆ ಹಿಡಿಸಿತು ಎಂದು ವಿವರಿಸಬೇಕಾಗಿಲ್ಲ.

ಮಗ ಮೊದಲ ಬಾರಿ ತಂದೆಯನ್ನು ನೋಡುವ ಗಳಿಗೆಗೆ ನಾನೊಂದು ಭಾಮಿನಿ ಷಟ್ಪದಿ ಬರೆದೆ. ಓದಿದಾಗ ಎಲ್ಲರೂ ತಲೆದೂಗಿದರು. ಹಾಡಿದಾಗ ವೇಷಧಾರಿ ಸುಮ್ಮನೆ ನಿಂತುಬಿಟ್ಟ. ತಪ್ಪು ಅವನದಲ್ಲ. ಯಕ್ಷಗಾನದಲ್ಲಿ ಭಾಮಿನಿಯನ್ನು ತಾಳವಿಲ್ಲದೆ ಹಾಡುವುದು ರೂಢಿ. ತಾಳವಿಲ್ಲದಲ್ಲಿ ಕಾಲಿಗೆ ಕೆಲಸವಿಲ್ಲ. ಆಗ ನಮ್ಮಲ್ಲೊಬ್ಬ, ಟೈಪಿಂಗ್ ಸೆಂಟರಿನಲ್ಲಿ ದುಡಿಯುವ ಹುಡುಗ, ಅದೇ ಮಾತುಗಳನ್ನು ಮುರಿದು ತ್ರಿವುಡೆಗೆ ಕೂರಿಸಿದ. ಏಳು ಅಕ್ಷರದ ಆ ತಾಳದಲ್ಲಿ ಮಗ ಮೂರು ಹೆಜ್ಜೆ ಮುಂದೆ ಬಂದು, ನಾಲ್ಕರಲ್ಲಿ ತಡೆದು ನಿಂತ. ಇಡೀ ಪ್ರಸಂಗದ ಜೀವ ಇದ್ದದ್ದು ಆ ತಡೆಯಲ್ಲಿ. ಅವನು ಹೊಸದಾಗಿ ಒಂದು ಶಬ್ದವನ್ನೂ ಬರೆದಿರಲಿಲ್ಲ. ಆಮಂತ್ರಣ ಪತ್ರಿಕೆಯಲ್ಲಿ 'ರಚನೆ' ಎಂಬುದರ ಮುಂದೆ ನನ್ನ ಹೆಸರು ಮಾತ್ರ ಅಚ್ಚಾಯಿತು. ಆ ಮುಜುಗರವೇ ಈ ಬರಹಕ್ಕೆ ಕಾರಣ.

ಪ್ರಶ್ನೆ ನಮ್ಮ ಐವರದು ಮಾತ್ರವಲ್ಲ. ಡಾ. ಶಿವರಾಮ ಕಾರಂತರು ಕಟ್ಟಿದ 'ಯಕ್ಷರಂಗ'ದ ಪ್ರಸಂಗಗಳಲ್ಲೂ ಚಿತ್ರಾಂಗದಾ-ಬಭ್ರುವಾಹನರ ಕಥೆಯಿದೆ. ಜತೆಗೆ ಭೀಷ್ಮವಿಜಯ, ನಳ ದಮಯಂತಿ, ಅಭಿಮನ್ಯು ವಧೆ, ಪಂಚವಟಿ ಇವೆ. ಇಡೀ ರಾತ್ರಿಯ ಆಟವನ್ನು ಅವರು ಕೆಲವೇ ಗಂಟೆಗಳಿಗೆ ಇಳಿಸಿದರು, ಪಿಟೀಲು, ಸ್ಯಾಕ್ಸೋಫೋನ್ ತಂದರು, ಅರ್ಥಗಾರಿಕೆಯನ್ನು ಬಹುಮಟ್ಟಿಗೆ ಕೈಬಿಟ್ಟರು. ಮಾತು ತೆಗೆದರೆ ಯಕ್ಷಗಾನದಲ್ಲಿ ಉಳಿಯುವುದೇನು ಎಂದು ಆಕ್ಷೇಪಿಸಿದವರಿದ್ದಾರೆ. ನನ್ನ ಆಕ್ಷೇಪ ಬೇರೆ. ಮಾತು ಹೋದ ಕಡೆ ಹೆಜ್ಜೆಯೇ ಅರ್ಥ ಹೇಳಬೇಕಾಯಿತು; ಅದು ಕಾರಂತರ ದೊಡ್ಡ ಸಾಧನೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಹೆಜ್ಜೆಯ ಮೇಲೆ ಭಾರ ಹೆಚ್ಚಾದಷ್ಟೂ ಹೆಜ್ಜೆ ಬಲ್ಲವರ ಪಾಲೂ ಹೆಚ್ಚಾಗಲೇಬೇಕು. ನೀಲಾವರ ರಾಮಕೃಷ್ಣಯ್ಯನವರ ಭಾಗವತಿಕೆ, ಹಿರಿಯಡ್ಕ ಗೋಪಾಲರಾಯರ ಮದ್ದಳೆ ಇಲ್ಲದೆ ಆ ಪ್ರಯೋಗಗಳನ್ನು ಊಹಿಸುವುದು ಹೇಗೆ? ಹಳೆಯ ಆಟದಲ್ಲಿ ಅರ್ಥಧಾರಿ ಆಡಿದ ಮಾತು ಅವನದೇ ಎಂದು ಸಭೆಗೆ ಗೊತ್ತಿರುತ್ತಿತ್ತು. ಹೆಜ್ಜೆಗೆ ಅಂಥ ಸಾಕ್ಷಿಯಿಲ್ಲ.

ಕಾರಂತರು 1997ರಲ್ಲಿ ತೀರಿಕೊಂಡರು. 2001ರ ಸೆಪ್ಟೆಂಬರಿನಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ' ಆಡಿಸಿತು. ಕಾರಂತರ ಮೃತ್ಯುಪತ್ರದ ಮೂಲಕ ಹಕ್ಕು ಪಡೆದಿದ್ದ ಬಿ. ಮಾಲಿನಿ ಮಲ್ಯ ಅವರು ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ನಡೆದು 2009ರ ಜನವರಿಯಲ್ಲಿ ತೀರ್ಪು ಬಂತು. ಇದು 'ಸಾಹಿತ್ಯ ಕೃತಿ'ಗಿಂತ ಬೇರೆಯಾದ 'ನಾಟಕ ಕೃತಿ', ಆದರೂ ಮೃತ್ಯುಪತ್ರದ ಪ್ರಕಾರ ಹಕ್ಕು ಅವರದೇ ಎಂದಿತು ನ್ಯಾಯಾಲಯ. ಹವ್ಯಾಸಿ ಸಂಘಗಳು ಟಿಕೆಟ್ಟಿಲ್ಲದೆ ಆಡಿದರೆ, ವಿದ್ಯಾಸಂಸ್ಥೆಗಳು ತಮ್ಮವರ ಮುಂದೆ ಆಡಿದರೆ ಕಾನೂನು ಕೊಟ್ಟ ವಿನಾಯಿತಿ ಉಂಟೆಂದೂ ಸ್ಪಷ್ಟಪಡಿಸಿತು.

ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆ ನೃತ್ಯಸಂಯೋಜನೆಯನ್ನೂ ನಾಟಕ ಕೃತಿಯೊಳಗೆ ಸೇರಿಸುತ್ತದೆ. ಷರತ್ತು ಒಂದೇ, ಅದು ಬರಹದಲ್ಲೋ ಬೇರೆ ಬಗೆಯಲ್ಲೋ ದಾಖಲಾಗಿ ನಿಂತಿರಬೇಕು. ನ್ಯಾಯಾಲಯ ಕಾಗದ ನೋಡುತ್ತದೆ, ಮತ್ತೇನನ್ನು ನೋಡಲು ಸಾಧ್ಯ? ಯಕ್ಷಗಾನದ ಅರ್ಧ ಜೀವ ಇರುವುದು ಕಾಗದದ ಹೊರಗೆ. ವೇಷಧಾರಿಯ ಉಸಿರು ನೋಡಿ ಭಾಗವತ ಸಾಲನ್ನು ಎರಡು ಸಲ ಎತ್ತುತ್ತಾನೆ, ಬೇಡವಾದರೆ ಪದ್ಯವನ್ನೇ ಬಿಡುತ್ತಾನೆ. ಅವನನ್ನು ಹಿರಿಯರು 'ಒಂದನೇ ವೇಷ' ಎಂದದ್ದು ಸುಮ್ಮನೆ ಅಲ್ಲ. ಅವನು ಕುಣಿಯುವುದಿಲ್ಲ, ಕುಣಿಸುತ್ತಾನೆ.

ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಕಾಂಟ್ರಾ ಎಂಬ ಸಾಲುಕುಣಿತ ಇದೆ. ಅಲ್ಲೂ ಕುಣಿಯದೆ ಕುಣಿಸುವವನೊಬ್ಬನಿದ್ದಾನೆ, 'ಕಾಲರ್' ಎನ್ನುತ್ತಾರೆ. 64 ಎಣಿಕೆಯ ಒಂದು ಸುತ್ತಿನೊಳಗೆ ಯಾವ ಚಲನೆಯ ಮೇಲೆ ಯಾವುದು ಎಂದು ಜೋಡಿಸಿ ಹೊಸ ಕುಣಿತ ಬರೆಯುವವರೂ ಬಹುಮಟ್ಟಿಗೆ ಇವರೇ. ಚಲನೆಗಳು ಅಕ್ಷರಮಾಲೆಯಂತೆ ಎಲ್ಲರ ಸೊತ್ತು, ಜೋಡಣೆ ಮಾತ್ರ ಒಬ್ಬರದು. ಬೇರೆಯವರ ಕುಣಿತವನ್ನು ಧಾರಾಳವಾಗಿ ಬಳಸುತ್ತಾರೆ, ಆದರೆ ಕಟ್ಟಿದವರ ಹೆಸರನ್ನು ತಮ್ಮ ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯ ರೂಢಿ. ನಮ್ಮಲ್ಲಿ ಪ್ರಸಂಗಕರ್ತನ ಹೆಸರು ಹೇಳುವ ಪದ್ಧತಿ ಇದೆ; ನಡೆ ಕಟ್ಟಿದವನ ಹೆಸರು ಹೇಳುವ ಪದ್ಧತಿ ಇನ್ನೂ ಬರಬೇಕಾಗಿದೆ.

ಕೂಡಿ ಬರೆಯುವುದರಲ್ಲಿ ಅಪಾಯವೂ ಇದೆ. ಐದು ಜನರ ರುಚಿಗೂ ಒಗ್ಗಬೇಕೆಂದು ಹೊರಟರೆ ಪದ್ಯ ಸಪ್ಪೆಯಾಗುತ್ತದೆ. ನಮ್ಮ ಪ್ರಸಂಗದ ಯುದ್ಧಭಾಗ ಹಾಗೇ ಆಯಿತು: ಬಡಗಿಗೂ ಸಲ್ಲಲಿಲ್ಲ, ತೆಂಕಿಗೂ ಸಲ್ಲಲಿಲ್ಲ. ಆದರೂ ಆ ತ್ರಿವುಡೆಯ ತಡೆ ನಾನೊಬ್ಬನೇ ಕೂತಿದ್ದರೆ ಈ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ.

ಮುಂದಿನ ಪ್ರದರ್ಶನದ ಆಮಂತ್ರಣಕ್ಕೆ ಮೂರು ಸಾಲು ಬರೆದಿಟ್ಟಿದ್ದೇನೆ: ಪದ್ಯ ಯಾರದು, ತಾಳ ಮತ್ತು ನಡೆ ಯಾರದು, ಹೆಜ್ಜೆ ಯಾರದು. ಎರಡನೇ ಸಾಲಿಗೆ ಬರಬೇಕಾದ ಹುಡುಗ ವೀಸಾ ಮುಗಿಸಿ ಊರಿಗೆ ಹೋಗಿದ್ದಾನೆ. ಹೆಸರು ಹಾಕಲೇ ಎಂದು ಫೋನಿನಲ್ಲಿ ಕೇಳಿದಾಗ ನಕ್ಕು, "ಅದೆಲ್ಲ ಎಂತಕ್ಕೆ ಅಣ್ಣಾ, ಪದ್ಯ ನಿಮ್ದಲ್ವಾ" ಎಂದ. ಹಾಕುತ್ತೇನೆ. ನೀವು ಬೇರೆ ಬಗೆಯಲ್ಲಿ ಯೋಚಿಸುವಿರಾದರೆ ಬರೆಯಿರಿ.