ಬಿಟ್ಟ ಮೆಟ್ಟಿಲಿನಿಂದಲೇ ಕಲಿಕೆ: ನಲಿ-ಕಲಿಯ ಬಲ ಮತ್ತು ಕೊರತೆ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಹಳ್ಳಿ-ತಾಂಡಾಗಳಲ್ಲಿ ಶಾಲೆಗೆ ಬಿಟ್ಟು ಬಿಟ್ಟು ಬರುವ ಮಕ್ಕಳಿದ್ದಾರೆ. ಅಪ್ಪ-ಅವ್ವ ಗುಳೆ ಹೋದರೆ ಇವರೂ ಹೋಗಬೇಕು. ಸುಗ್ಗಿಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಳ್ಳಬೇಕು. ಇಂಥವರಿಗೆ ನಲಿ-ಕಲಿ ಏನು ಕೊಟ್ಟಿತು ಎಂಬುದೇ ಅದರ ನಿಜವಾದ ಪರೀಕ್ಷೆ.

1995ರಲ್ಲಿ ಯುನಿಸೆಫ್ ನೆರವಿನಿಂದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿಯಿದು. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿಬಂದ ಸರ್ಕಾರಿ ಶಿಕ್ಷಕರು ಇದನ್ನು ನಮ್ಮ ತರಗತಿಗೆ ಒಗ್ಗಿಸಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ 1 ಮತ್ತು 2ನೇ ತರಗತಿಗೆ, ಮರುವರ್ಷ 3ನೇ ತರಗತಿಗೂ ಬಂತು.

ಇಲ್ಲಿ ಮಗು ಗೋಡೆಯ ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲನ್ನು ಹುಡುಕುತ್ತದೆ. ಅಲ್ಲಿರುವ ಚಿತ್ರವನ್ನೇ ಹೊತ್ತ ಕಾರ್ಡನ್ನು ತಾನೇ ಎತ್ತಿಕೊಂಡು, ಅದಕ್ಕೆ ಹೊಂದುವ ತಟ್ಟೆಯ ಸುತ್ತ ಕೂರುತ್ತದೆ. ತಟ್ಟೆಯೆಂದರೆ ಕಲಿಕೆಯ ಗುಂಪು; ಅವು ಐದು: ಶಿಕ್ಷಕರ ಪೂರ್ಣ ಬೆಂಬಲದಿಂದ ಹಿಡಿದು ಗೆಳೆಯರ ನೆರವು, ಕೊನೆಗೆ ಸ್ವಕಲಿಕೆ. ಎರಡು ತಿಂಗಳು ಊರಲ್ಲಿರದ ಹುಡುಗಿ ಮರಳಿ ಬಂದರೆ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತಾಳೆ. ಪಾಠ ಮುಂದೆ ಹೋಯಿತು, ನೀನು ಹಿಂದೆ ಉಳಿದೆ ಎಂದು ಯಾರೂ ಅವಳಿಗೆ ಹೇಳುವುದಿಲ್ಲ. ಬಡವರ ಮಕ್ಕಳಿಗೆ ಇದಕ್ಕಿಂತ ದೊಡ್ಡ ನ್ಯಾಯವನ್ನು ನಮ್ಮ ತರಗತಿಗಳು ಕೊಟ್ಟದ್ದು ಕಡಿಮೆ.

ಆದರೆ ಈ ನ್ಯಾಯ ನಿಂತಿರುವುದು ಶಿಕ್ಷಕರ ಮೇಲೆ. ಮೂರು ತರಗತಿಯ ಮಕ್ಕಳನ್ನು ಒಬ್ಬರೇ ನಿಭಾಯಿಸುತ್ತ, ನಡುವೆ ದಾಖಲೆಗಳನ್ನೂ ತುಂಬುವಾಗ ಮೊದಲ ತಟ್ಟೆಯ ಮಗುವಿಗೆ ಸಿಗುವ ಸಮಯವೆಷ್ಟು? ಆಗ ಗೆಳೆಯರ ಗುಂಪೆಂದರೆ ಕೇಳುವವರಿಲ್ಲದ ಗುಂಪು. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗೆ ಕನ್ನಡದ ಕಾರ್ಡು ತಾನಾಗಿ ಮಾತಾಡುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡಿಸುವವರು ಬೇಕು.

ಇನ್ನೊಂದು ಕೊರತೆ 4ನೇ ತರಗತಿಯದು. ಅಲ್ಲಿ ಏಣಿ ಇಲ್ಲ, ಎಲ್ಲರಿಗೂ ಒಂದೇ ಪುಟ. ಮೂರು ವರ್ಷ ತನ್ನ ವೇಗದಲ್ಲಿ ನಡೆದ ಮಗು ಇದ್ದಕ್ಕಿದ್ದಂತೆ ಹಿಂದುಳಿದವರ ಸಾಲಿಗೆ ಸೇರುತ್ತದೆ.

ಕಳಸದ ಗೋವಿಂದಭಟ್ಟರು ಶಿಗ್ಗಾಂವಿ ಸೀಮೆಯ ಶಿಶುನಾಳದ ಷರೀಫರನ್ನು ಶಿಷ್ಯನನ್ನಾಗಿ ಒಪ್ಪಿಕೊಂಡಾಗ ಜಾತಿ-ಮತ ಅಡ್ಡ ಬರಲಿಲ್ಲ. ಈ ನೆಲದ ಶಾಲೆಗೂ ಅದೇ ಅಳತೆ ಸಲ್ಲಬೇಕು: ಯಾರ ಮನೆಯ ಮಗುವೇ ಆಗಲಿ, ಗುರು ಪಕ್ಕದಲ್ಲಿ ಕೂರುತ್ತಾರೆಯೇ? ನಲಿ-ಕಲಿ ಅದಕ್ಕೆ ಜಾಗ ಮಾಡಿಕೊಟ್ಟಿದೆ. ಸರ್ಕಾರ ಪ್ರತಿ ನಲಿ-ಕಲಿ ಕೋಣೆಗೂ ಬೇರೆ ಕೆಲಸ ಹೊರಿಸದ ಶಿಕ್ಷಕರನ್ನು ಕೊಡಬೇಕು. ಬಿಟ್ಟಲ್ಲಿಂದ ಕಲಿಯುವ ಹಕ್ಕನ್ನು 3ನೇ ತರಗತಿಯಾಚೆಗೂ ಉಳಿಸಬೇಕು. ಅದಿಲ್ಲದೆ ಹೊಸ ಕಾರ್ಡು ಅಚ್ಚು ಹಾಕಿದರೆ ತರಗತಿಯ ಗೋಡೆ ತುಂಬೀತು, ಮಗುವಿನ ಕಲಿಕೆ ತುಂಬದು.