ತೋಫು ತಟ್ಟೆ

ಕೊರಿಯಾದಲ್ಲಿ ಜೈಲಿನಿಂದ ಬಿಡುಗಡೆಯಾದವರಿಗೆ ಮೊದಲು ತಿನ್ನಿಸುವುದು ತೋಫು. ಸೋಯಾ ಹಾಲು ಒಡೆಸಿ ಕಟ್ಟಿದ, ಉಪ್ಪು ಖಾರ ಸೋಕದ ಬೆಳ್ಳನೆಯ ಗಡ್ಡೆ. ಇನ್ನು ಮುಂದೆ ಹಾಗೇ ಬೆಳ್ಳಗೆ ಬಾಳಲಿ ಎಂಬ ಹಾರೈಕೆ. ಪಾರ್ಕ್ ಚಾನ್-ವೂಕ್‌ನ ‘ಲೇಡಿ ವೆಂಜೆನ್ಸ್’ (2005) ಶುರುವಾಗುವುದೇ ಅಲ್ಲಿ. ಮಗುವೊಂದನ್ನು ಅಪಹರಿಸಿ ಕೊಂದ ಆರೋಪ ಹೊತ್ತು 13 ವರ್ಷ ಒಳಗಿದ್ದ ಗುಮ್‌ಜಾಳ ಮುಂದೆ ಪಾದ್ರಿ ತಟ್ಟೆ ಹಿಡಿಯುತ್ತಾನೆ. ಅವಳು ಅದನ್ನು ಮಗುಚಿ, ‘ನಿನ್ನ ಕೆಲಸ ನೀನು ನೋಡ್ಕೊಳ್ಳಿ’ ಎಂಬ ಧಾಟಿಯಲ್ಲೊಂದು ಮಾತು ಎಸೆದು ನಡೆಯುತ್ತಾಳೆ. ಅಚ್ಚಿನ ತಪ್ಪಲ್ಲ, ಮೂಲದಲ್ಲೂ ‘ನೀನು’ ಏಕವಚನ, ಕ್ರಿಯಾಪದ ಮಾತ್ರ ಗೌರವದ್ದು. ಇಂಗ್ಲಿಷ್ ಸಬ್‌ಟೈಟಲ್ ಈ ಕುಟುಕನ್ನು ನುಂಗಿಬಿಡುತ್ತದೆ. ಅದೂ ಆಡಿದವಳು ಯಾರು? ‘ಡೇ ಜಾಂಗ್ ಗುಮ್’ ಧಾರಾವಾಹಿಯಲ್ಲಿ ಅರಮನೆ ಅಡುಗೆಮನೆಯ ಸಾಧ್ವಿಯಾಗಿ ಮನೆಮಾತಾಗಿದ್ದ ಲೀ ಯಂಗ್-ಏ.

ಮೊದಲರ್ಧದ ಬಗ್ಗೆ ನನಗೆ ತಕರಾರಿದೆ. ಗೋಡೆಯ ಬಣ್ಣ, ರೆಪ್ಪೆಯ ಕೆಂಪು, ಕುಸುರಿ ಕೆಲಸದ ಪಿಸ್ತೂಲು, ಎಲ್ಲ ಅತಿ ಚಂದ. ಮುಂದೆ ಬರುವ ಶಾಲೆಯ ಭಾಗಕ್ಕಾಗಿ ಸಹಿಸಿಕೊಳ್ಳಬೇಕು.

ನಿಜವಾದ ಹಂತಕ, ಮೇಷ್ಟ್ರು ಬೇಕ್ (‘ಓಲ್ಡ್‌ಬಾಯ್’ನ ಚೋಯ್ ಮಿನ್-ಸಿಕ್), ಕೈಗೆ ಸಿಕ್ಕಾಗ ಅವನು ಇನ್ನೂ ಹಲವು ಮಕ್ಕಳನ್ನು ಕೊಂದದ್ದು ಬಯಲಾಗುತ್ತದೆ. ಗುಮ್‌ಜಾ ಆಗ ಕೈ ತಡೆಯುತ್ತಾಳೆ. ಪಾಳುಬಿದ್ದ ಶಾಲೆಗೆ ಆ ಮಕ್ಕಳ ಮನೆಯವರನ್ನು ಕರೆಸಿ, ಅವನು ತೆಗೆದಿದ್ದ ವಿಡಿಯೊ ತೋರಿಸಿ, ತೀರ್ಮಾನ ಅವರಿಗೇ ಬಿಡುತ್ತಾಳೆ. ಅಲ್ಲಿಂದ ಸೇಡು ಎನ್ನುವುದು ರೇಷನ್ ಅಂಗಡಿಯ ಕ್ಯೂ. ಪ್ಲಾಸ್ಟಿಕ್ ರೇನ್‌ಕೋಟ್ ತೊಟ್ಟ ಅಪ್ಪ ಅಮ್ಮಂದಿರು ಆಯುಧ ಹಿಡಿದು ಸಾಲಾಗಿ ಕೂತಿದ್ದಾರೆ. ಯಾರಿಗೂ ಯಾರ ಮುಖ ನೋಡಲೂ ಮುಜುಗರ. ಕೊನೆಯ ಸರದಿ ಒಬ್ಬ ಅಜ್ಜಿಯದು, ಕೈಯಲ್ಲಿ ಮೊಮ್ಮಗಳ ಕತ್ತರಿ. ಆಮೇಲೆ ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಎತ್ತಿ ರಕ್ತವನ್ನು ಬಕೆಟ್ಟಿಗೆ ಬಗ್ಗಿಸುತ್ತಾರೆ, ಮದುವೆ ಮನೆಯಲ್ಲಿ ಶಾಮಿಯಾನದ ಮಳೆನೀರು ಇಳಿಸಿದ ಹಾಗೆ.

ಇಷ್ಟಾದ ಮೇಲೆ ಬೇಕರಿಯಲ್ಲಿ ಕೂತು ಕೇಕ್ ತಿನ್ನುವಾಗ ಮಕ್ಕಳಿಗಾಗಿ ಕೊಟ್ಟಿದ್ದ ಒತ್ತೆಹಣದ ಮಾತು ಮೆಲ್ಲಗೆ ಏಳುತ್ತದೆ. ಒಬ್ಬರ ನಂತರ ಒಬ್ಬರು ಬ್ಯಾಂಕ್ ಖಾತೆಯ ನಂಬರ್ ಬರೆದುಕೊಡುತ್ತಾರೆ. ಪಾರ್ಕ್‌ನ ಮೂರು ಸೇಡಿನ ಚಿತ್ರಗಳಲ್ಲಿ ನನ್ನನ್ನು ಹೆಚ್ಚು ಕದಡಿದ್ದು ಹನಿ ರಕ್ತವಿಲ್ಲದ ಈ ದೃಶ್ಯ.

ಅಪಹರಣದಲ್ಲಿ ಬೇಕ್‌ಗೆ ಜೊತೆಯಾಗಿದ್ದ ಗುಮ್‌ಜಾಳ ಪಾಪ ಕಳೆಯಿತೇ? ಯಾರ ಕೊಲೆಗಾಗಿ ಜೈಲು ಸೇರಿದ್ದಳೋ ಆ ಹುಡುಗ ಕಣ್ಣೆದುರು ಬಂದು ನಿಂತಾಗ ಅವಳು ಏನೋ ಹೇಳಲು ಬಾಯಿ ತೆರೆಯುತ್ತಾಳೆ. ಅವನು ಆ ಬಾಯಿಯನ್ನೇ ಕಟ್ಟಿಬಿಡುತ್ತಾನೆ. ಹಿಮ ಬೀಳುತ್ತಿರುವ ರಾತ್ರಿ, ತೋಫುವಿನಂಥ ಬಿಳಿ ಕೇಕನ್ನು ಡಬ್ಬಿಯಿಂದ ತೆಗೆದು ಅದರೊಳಗೆ ಮುಖ ಹುದುಗಿಸುತ್ತಾಳೆ. ಅವಳ ಮಗಳು ಹಿಂದಿನಿಂದ ಬಂದು ತಬ್ಬಿಕೊಳ್ಳುತ್ತಾಳೆ.