ಆಂಟ್ ಉಪಕರಣದಲ್ಲಿ ಸ್ವರಚಿತ ಕಾರ್ಯಗಳು: ಒಂದು ವಿಮರ್ಶೆ

ಗಣಕಕ್ಕಾಗಿ ಬರೆದ ಮೂಲಪಾಠವು ಬಳಕೆಗೆ ಯೋಗ್ಯವಾಗಬೇಕಾದರೆ ಸಂಕಲನ, ಪರೀಕ್ಷೆ, ಒಟ್ಟುಗೂಡಿಕೆ ಮೊದಲಾದ ಹಂತಗಳನ್ನು ದಾಟಬೇಕು. ಈ ಹಂತಗಳನ್ನು ತಾನಾಗಿ, ಕ್ರಮವರಿತು ನಡೆಸುವ ಉಪಕರಣಗಳಲ್ಲಿ ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್ನರು 1976ರಲ್ಲಿ ರಚಿಸಿದ ‘ಮೇಕ್’ ಸುಪ್ರಸಿದ್ಧವಾದುದು. ಅದರ ಆಜ್ಞೆಗಳು ಆಯಾ ಯಂತ್ರವ್ಯವಸ್ಥೆಯ ಶೆಲ್ಲನ್ನು ಅವಲಂಬಿಸಿದ್ದುದರಿಂದ, ಒಂದೆಡೆ ನಡೆದುದು ಮತ್ತೊಂದೆಡೆ ನಡೆಯುವುದೆಂಬ ನಿಶ್ಚಯವಿರಲಿಲ್ಲ. ಜೇಮ್ಸ್ ಡಂಕನ್ ಡೇವಿಡ್‌ಸನ್ನರು ಜಾವಾ ಭಾಷೆಯಲ್ಲಿ ರಚಿಸಿದ ‘ಆಂಟ್’ ಈ ಕೊರತೆಯನ್ನು ಬಹುಮಟ್ಟಿಗೆ ನೀಗಿತು. ಅದು 2000ದ ಜುಲೈಯಲ್ಲಿ ಅಪಾಚೆ ಸಂಸ್ಥೆಯ ಮುಕ್ತ ತಂತ್ರಾಂಶವಾಗಿ ಪ್ರತ್ಯೇಕವಾಗಿ ಪ್ರಕಟವಾಯಿತು. ಬಳಕೆದಾರನು ತನ್ನ ಕಾರ್ಯಗಳನ್ನು ಸೇರಿಸಿ ಬೆಳೆಸಬಹುದೆಂಬುದೇ ಅದರ ಹಿರಿಮೆಯೆಂದು ಹೇಳುವುದು ವಾಡಿಕೆ. ಈ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಆಂಟ್‌ನ ನಿರ್ಮಾಣಪತ್ರವು ಎಕ್ಸ್‌ಎಂಎಲ್ ರೂಪದ ಲಿಖಿತ. ಅದರಲ್ಲಿ ‘ಗುರಿ’ಗಳೂ ಗುರಿಗಳೊಳಗೆ ‘ಕಾರ್ಯ’ಗಳೂ ಇರುತ್ತವೆ, ಕಾರ್ಯದ ಹಿಂದೆ ಜಾವಾ ಕ್ಲಾಸ್ ಇರುತ್ತದೆ. ಹೊಸ ಕಾರ್ಯವನ್ನು ಬಯಸುವವನು ‘ಟಾಸ್ಕ್’ ಎಂಬ ಮೂಲ ಕ್ಲಾಸಿನಿಂದ ತನ್ನದನ್ನು ಪಡೆದು, ‘ಎಕ್ಸಿಕ್ಯೂಟ್’ ಎಂಬ ವಿಧಾನದಲ್ಲಿ ಮಾಡಬೇಕಾದುದನ್ನು ಬರೆದು, ‘ಟಾಸ್ಕ್‌ಡೆಫ್’ ಮೂಲಕ ಅದಕ್ಕೊಂದು ಹೆಸರನ್ನಿಟ್ಟರೆ ಸಾಕು. ‘ಸೆಟ್’ ಎಂದು ಮೊದಲಾಗುವ ವಿಧಾನಗಳನ್ನು ಆಂಟ್ ತಾನೇ ಗುರುತಿಸಿ, ಪತ್ರದಲ್ಲಿ ಕೊಟ್ಟ ಬೆಲೆಗಳನ್ನು ತಕ್ಕ ರೂಪಕ್ಕೆ ಪರಿವರ್ತಿಸಿ ಅವುಗಳಿಗೆ ಒಪ್ಪಿಸುತ್ತದೆ. ಹೀಗೆ ಕಷ್ಟದ ಕೆಲಸವು ಜಾವಾದಲ್ಲಿ ಉಳಿದು, ನಿರ್ಮಾಣಪತ್ರವು ಸರಳವಾದ ನಿರೂಪಣೆಯಾಗಿ ನಿಲ್ಲುತ್ತದೆ. ಇದು ನಿಸ್ಸಂದೇಹವಾಗಿ ಉತ್ತಮವಾದ ಶ್ರಮವಿಭಾಗ.

ಆದರೆ ವಿಸ್ತರಣೆಯ ಸ್ವಾತಂತ್ರ್ಯವು ಈ ವಿಭಾಗವನ್ನೇ ಕೆಡಿಸಲೂ ಬಲ್ಲದು. ‘ಆಂಟ್-ಕಾಂಟ್ರಿಬ್’ ಎಂಬ ಸಂಗ್ರಹವು ‘ಇಫ್’, ‘ಫಾರ್’ ಮುಂತಾದ ಕಾರ್ಯಗಳನ್ನು ಒದಗಿಸಿ ಎಕ್ಸ್‌ಎಂಎಲ್ಲನ್ನು ಆಜ್ಞಾಭಾಷೆಯನ್ನಾಗಿ ಮಾಡಿತು. ಒಮ್ಮೆ ನಿಶ್ಚಯವಾದ ಗುಣದ ಬೆಲೆ ಬದಲಾಗದೆಂಬ ಆಂಟ್‌ನ ನಿಯಮವನ್ನು ಅದರ ‘ವಾರ್’ ಎಂಬ ಕಾರ್ಯವು ಸಡಿಲಿಸಿತು. ಸೌಕರ್ಯವುಂಟಾಯಿತೆಂಬುದು ನಿಜ, ಪತ್ರದ ಸುಬೋಧತೆ ಮಾತ್ರ ಕುಂದಿತು.

ಎರಡನೆಯ ದೋಷವು ಇತಿಹಾಸದ ಅಭ್ಯಾಸಿಗಳಾದ ನಮಗೆ ಇನ್ನೂ ಗಂಭೀರವಾಗಿ ತೋರುತ್ತದೆ. ಸ್ವರಚಿತ ಕಾರ್ಯವು ಸಂಕಲಿತವಾದ ‘ಜಾರ್’ ಕಡತದಲ್ಲಿ ಅಡಗಿರುತ್ತದೆ. ಪತ್ರದಲ್ಲಿ ಕಾಣುವುದು ಅದರ ಹೆಸರು ಮಾತ್ರ. ಆ ಕಡತ ಕಳೆದರೆ, ಎಲ್ಲೆಯ ಹೆಸರುಗಳನ್ನು ಹೇಳಿಯೂ ಆ ಎಲ್ಲೆಗಳಾವುವೆಂದು ತಿಳಿಯದ ದತ್ತಿಶಾಸನದಂತೆ, ಪತ್ರವಿದ್ದರೂ ಅರ್ಥವಾಗದು. ಬರೆದವರು ತೆರಳಿದ ಮೇಲೆ ಹಳೆಯ ತಂತ್ರಾಂಶವನ್ನು ಮತ್ತೆ ಕಟ್ಟಬೇಕಾದವರಿಗೆ ಇದು ಸಣ್ಣ ನಷ್ಟವಲ್ಲ. ಮೂಲಪಾಠವು ಮುಕ್ತವಾಗಿದ್ದೂ ಕಟ್ಟುವ ಬಗೆ ಅಜ್ಞಾತವಾದರೆ ಆ ಮುಕ್ತತೆಯ ಪ್ರಯೋಜನ ಅರ್ಧವಾಗುತ್ತದೆ.

ಇದಕ್ಕೆ ಪರಿಹಾರ ಆಂಟ್‌ನಲ್ಲಿಯೇ ಉಂಟು. ಇರುವ ಕಾರ್ಯಗಳನ್ನು ಜೋಡಿಸುವುದಷ್ಟೇ ಉದ್ದೇಶವಾಗಿದ್ದರೆ, 2003ರ ಡಿಸೆಂಬರಿನಲ್ಲಿ ಬಂದ 1.6ನೆಯ ಆವೃತ್ತಿಯ ‘ಮ್ಯಾಕ್ರೋಡೆಫ್’ ಸಾಕು. ಅದರ ಒಡಲು ಪತ್ರದಲ್ಲಿಯೇ ಓದುವಂತಿರುತ್ತದೆ. ನಿಜವಾಗಿಯೂ ಹೊಸ ಸಾಮರ್ಥ್ಯ ಬೇಕಾದಾಗ ಮಾತ್ರ ಜಾವಾ ಕಾರ್ಯವನ್ನು ಬರೆಯುವುದು ಯುಕ್ತ. ಆಗಲೂ ಅದರ ಮೂಲಪಾಠವನ್ನು ಅದೇ ಭಂಡಾರದಲ್ಲಿಟ್ಟು, ಮೊದಲ ಗುರಿಯಲ್ಲಿ ಅದನ್ನು ಸಂಕಲಿಸಿ, ಅನಂತರ ‘ಟಾಸ್ಕ್‌ಡೆಫ್’ನಿಂದ ಪರಿಚಯಿಸಬೇಕು.

ಮುಂದೆ ಬಂದ ಗ್ರೇಡಲ್, ನಿರ್ಮಾಣಪತ್ರವನ್ನೇ ಗ್ರೂವಿ ಭಾಷೆಯಲ್ಲಿ ಬರೆಯಲು ಅವಕಾಶವಿತ್ತು ಮೊದಲನೆಯ ತೊಡಕನ್ನು ಬಿಡಿಸಿತು. ಎರಡನೆಯದು ಉಪಕರಣವನ್ನು ಬದಲಿಸಿದ ಮಾತ್ರಕ್ಕೆ ಬಗೆಹರಿಯುವಂಥದಲ್ಲ. ಆದುದರಿಂದ ವಿಸ್ತರಣಸಾಮರ್ಥ್ಯವನ್ನು ಆಂಟ್‌ನ ಹಿರಿಮೆಯೆಂದು ನಾವು ಒಪ್ಪುವುದು, ವಿಸ್ತರಿಸಿದುದರ ಮೂಲವೂ ಪತ್ರದೊಡನೆ ಉಳಿದಿರಬೇಕೆಂಬ ನಿಬಂಧನೆಯ ಮೇಲೆ.